ನಂದೆಯ ಹೂವಿಗೆ ಹೋದವರು

ಹಿಮ್ಮಡಿ, ಒಡೆದ ಹಿಮ್ಮಡಿ, ಬಿರುಕಿನೊಳಗೆ ಕಪ್ಪು ಮಣ್ಣು, ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ, ಇಷ್ಟು ದೊಡ್ಡ ಬೆಟ್ಟ, ಇಷ್ಟು ಆಕಾಶ, ಬೆಳಗಿನಿಂದ ನನ್ನ ಕಣ್ಣಿಗೆ ಬಿದ್ದಿದ್ದು ಮಾತ್ರ ಆಲಂ ಸಿಂಗನ ಹಿಮ್ಮಡಿ, ನನ್ನ ಭಾವನದು, ಸತ್ತುಹೋದ ಬಚುಲಿ ಅಕ್ಕನ ಗಂಡನದು. ಈ ವರ್ಷ ನಂದಾದೇವಿಗೆ ಹೂವು ತರಲು ನಮ್ಮಿಬ್ಬರನ್ನೇ ಆರಿಸಿದ್ದು ದೇವಿಯಂತೆ, ದೇವಿಯಲ್ಲ, ಪೂಜಾರಿ ಕಾಕಾ, ಇಬ್ರೂ ಒಟ್ಟಿಗೆ ಹೋಗ್ಬನ್ರೋ, ಒಂದೇ ದಾರೀಲಿ ನಡೆದ್ರೆ ಕಹಿ ಇಳಿಯುತ್ತೆ ಅಂದ, ಏನು ಇಳಿಯುತ್ತದೆ ಕಾಕಾ, ಕಹಿ ಬರಿಗಾಲಲ್ಲಿ ಇನ್ನೂ ಚೆನ್ನಾಗಿ ಹತ್ತುತ್ತದೆ, ಉಪವಾಸದ ಹೊಟ್ಟೆಗೆ ಅದೊಂದೇ ಊಟ. ಭೋಜವೃಕ್ಷಗಳು ಮುಗಿದ ಕಡೆ ಇಬ್ಬರೂ ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡೆವು, ಹೂವು ಬುಟ್ಟಿ ಸೇರುವ ತನಕ ಮಾತಿಲ್ಲ, ಬಾಯ ಉಸಿರು ಹೂವಿಗೆ ತಾಕಬಾರದು, ಒಳ್ಳೆಯದೇ ಆಯಿತು, ಇವನ ಹತ್ತಿರ ಆಡುವ ಮಾತು ನನಗೇನಿದೆ, ಒಂದೇ ಒಂದು ಮಾತಿದೆ, ಅದನ್ನು ಬಟ್ಟೆಯ ಹಿಂದೆ ಎಷ್ಟು ಸಲ ಬೇಕಾದರೂ ಆಡಬಹುದು, ಕೊಂದೆ, ಕೊಂದೆ, ನನ್ನ ಅಕ್ಕನನ್ನು ಕೊಂದೆ. ಮಾಘದ ಹಿಮ, ಅಕ್ಕನಿಗೆ ಹೊಟ್ಟೆ ಹಿಡಿದುಕೊಳ್ಳುವಂಥ ನೋವು, ನಾನು ಕೆಳಗೆ ಚಮೋಲಿಯಲ್ಲಿ ಜೀಪು ಓಡಿಸುತ್ತಿದ್ದೆ, ಫೋನಿನಲ್ಲಿ ಬೇಡಿಕೊಂಡೆ, ಭಾವ, ಬೆನ್ನ ಮೇಲೆ ಹೊತ್ಕೊಂಡು ರಸ್ತೆತನಕ ಇಳಿಸು, ರಸ್ತೇಲಿ ನಾನಿರ್ತೀನಿ, ಭುಲಾ, ಹಿಮ ನಿಲ್ಲಲಿ ಅಂದ, ಈಗ ಹೊತ್ಕೊಂಡು ಇಳಿದ್ರೆ ಇಬ್ರೂ ಹೋಗ್ತೀವಿ ಅಂದ, ತಮ್ಮಾ ಎನ್ನುವಂತೆ ಎಷ್ಟು ಮೆತ್ತಗೆ ಭುಲಾ ಅಂದ, ರಾತ್ರಿಯೆಲ್ಲ ನಾನು ಜೀಪಿನ ಗಾಜು ಒರೆಸಿಕೊಂಡು ಕೂತೆ, ಬೆಳಿಗ್ಗೆ ಹಿಮ ನಿಂತಿತು, ಅಕ್ಕನ ಉಸಿರೂ ನಿಂತಿತು. ಈಗ ಜಾತ್ರೆ ಮುಗಿದ ಮೇಲೆ ಹೊಸ ಹೆಂಡತಿ ಬರುತ್ತಾಳಂತೆ, ಅಮ್ಮ ತನ್ನ ಕೈಯಾರೆ ಅಕ್ಕನ ಮೂಗಿಗೆ ತೊಡಿಸಿದ ಆ ಅಗಲದ ನತ್ತು ಅವಳಿಗೆ ಹೋಗಿದೆಯಂತೆ, ನಾಚಿಕೆಗೆಟ್ಟವನು. ನಂದೆಯ ಜಾತ್ರೆಗೆ ಊರೇ ಅಳುತ್ತದೆ, ನಮ್ಮ ಮಗಳು ನಂದೆ ಗಂಡನ ಮನೆಗೆ ಕೈಲಾಸಕ್ಕೆ ಹೊರಟಳು ಅಂತ ಹೆಂಗಸರು ಎದೆ ಬಡಿದುಕೊಂಡು ಹಾಡುತ್ತಾರೆ, ಸೌತೆಕಾಯಿ ಕಟ್ಟಿಕೊಡುತ್ತಾರೆ, ಜೋಳದ ತೆನೆ ಕಟ್ಟಿಕೊಡುತ್ತಾರೆ, ದೇವರು ಗಂಡನ ಮನೆಗೆ ಹೋದರೆ ಇಷ್ಟು ಕಣ್ಣೀರು, ನನ್ನ ಅಕ್ಕ ಹೋದಾಗ ಇದೇ ಹೆಂಗಸರು, ಅವಳ ಹಣೆಬರಹ ಕಣೋ ಅಂದರು, ಚಹಾ ಕುಡಿದು ಎದ್ದರು.

ಹುಲ್ಲು ಮುಗಿಯಿತು, ಬರೀ ಕಲ್ಲು, ಅಪ್ಪನ ಕಾಲದಲ್ಲಿ ಇಲ್ಲೇ ಬ್ರಹ್ಮಕಮಲ ಕಾಲಿಡಲು ಜಾಗವಿಲ್ಲದಷ್ಟು ಅರಳುತ್ತಿತ್ತಂತೆ, ಈಗ ಯಾತ್ರೆಯ ಅಂಗಡಿಗಳಿಗೆ ಗೋಣಿಯಲ್ಲಿ ತುಂಬಿಕೊಂಡು ಹೋಗುವವರು ಬುಡಸಮೇತ ಕಿತ್ತುಬಿಟ್ಟಿದ್ದಾರೆ, ಉಳಿದದ್ದು ಮೇಲೆ, ಕಡಿದಾದ ಬಂಡೆಯ ಅಂಚಿನಲ್ಲಿ, ಮೊದಲು ಮೂಗಿಗೆ ಬಂತು, ತಲೆ ಭಾರವಾಗಿಸುವ ಆ ಘಾಟು, ಆಮೇಲೆ ಕಣ್ಣಿಗೆ, ತೆಳು ಹಳದಿ ಎಸಳುಗಳು ಕಾಗದದ ಹಾಗೆ ಬಾಗಿ ಬೊಗಸೆ ಕಟ್ಟಿವೆ, ಬೊಗಸೆಯೊಳಗೆ ಕಡುನೇರಳೆ ಹೂಗೊಂಚಲು. ಭಾವ ಆಗಲೇ ಹತ್ತುತ್ತಿದ್ದಾನೆ, ಮೊದಲ ಹೂವು ಯಾರ ಬುಟ್ಟಿಗೆ ಬೀಳುತ್ತದೋ ದೇವಿಯ ಮುಡಿಗೆ ಅದನ್ನು ಇಡುವ ಮರ್ಯಾದೆ ಅವನದೇ, ಅದಕ್ಕೇ ಈ ಅವಸರ, ಹತ್ತು, ಹೆಂಡತಿಯನ್ನು ಸಾಯಿಸಿದ ಕೈಯಲ್ಲೇ ದೇವಿಗೆ ಹೂ ಮುಡಿಸು, ಹತ್ತು. ಆಗ ಮೇಲಿನ ಏಣಿನಲ್ಲಿ ಕಾಡುಕುರಿಗಳ ಹಿಂಡು ಬೆದರಿ ಓಡಿತು, ಮೊದಲು ಮಣ್ಣು ಉದುರಿತು, ಆಮೇಲೆ ಸಣ್ಣ ಕಲ್ಲುಗಳು, ಅವುಗಳ ಹಿಂದೆ ಒಂದು ದೊಡ್ಡ ಕಲ್ಲು ನಿಧಾನವಾಗಿ, ನಿದ್ದೆಯಿಂದ ಮಗ್ಗುಲಾಗುವವರ ಹಾಗೆ ತಿರುಗಿತು, ನಾನು ನೋಡಿದೆ, ಕೂಗಲು ಹೊತ್ತಿತ್ತು, ಭಾವ ಅನ್ನಲು ಎಷ್ಟು ಹೊತ್ತು ಬೇಕು, ಬಾಯಿಗೆ ಬಟ್ಟೆ ಇದೆ ಅಂದುಕೊಂಡೆ, ವ್ರತ ಇದೆ ಅಂದುಕೊಂಡೆ, ಹಿಮ ನಿಲ್ಲಲಿ ಅಂದುಕೊಂಡೆ. ಅಷ್ಟರಲ್ಲಿ ಅವನು ಹೂವು ಕಿತ್ತು ತಿರುಗಿದ, ಬುಟ್ಟಿಗೆ ಹಾಕಿಕೊಳ್ಳಲಿಲ್ಲ, ಬಗ್ಗಿ ಕೈ ಚಾಚಿದ, ನನ್ನ ಕಡೆಗೆ, ಬಟ್ಟೆಯ ಮೇಲಿನ ಕಣ್ಣುಗಳಲ್ಲಿ ನಗುವೋ ಅಳುವೋ, ಹೂವು ಹಿಡಿದ ಕೈ, ತಗೋ ಅನ್ನುವಂತೆ, ಆಮೇಲೆ ಕಲ್ಲು.

ಸತ್ತಿಲ್ಲ, ಮೊಣಕಾಲಿನ ಕೆಳಗೆಲ್ಲ ಜಜ್ಜಿಹೋಗಿದೆ, ಅವನ ಬಾಯಿಯ ಬಟ್ಟೆ ಬಿಚ್ಚಿ ಕಾಲಿಗೆ ಬಿಗಿದೆ, ನನ್ನದನ್ನು ಬಿಚ್ಚಲಿಲ್ಲ, ಬೆನ್ನ ಮೇಲೆ ಹೊತ್ತುಕೊಂಡೆ, ಕರುಣೆಯಿಂದಲ್ಲ, ಯಾರೂ ಹಾಗೆ ತಿಳಿಯಬಾರದು, ಹೊತ್ತು ಇಳಿಯಬಹುದು ಅಂತ ತೋರಿಸಲು, ನೋಡು ಭಾವ, ಮನುಷ್ಯರನ್ನು ಹೊತ್ತು ಈ ಬೆಟ್ಟ ಇಳಿಯಬಹುದು, ನೋಡು, ಇಳಿಯುತ್ತಿದ್ದೇನೆ, ಪ್ರತಿ ಹೆಜ್ಜೆಗೂ ನಿನ್ನ ಮುಖಕ್ಕೆ ಉಗಿಯುತ್ತಿದ್ದೇನೆ. ಆದರೆ ತೂಕ, ಅಯ್ಯೋ ಎಂಥ ತೂಕ, ಕಲ್ಲು ಜಾರುತ್ತದೆ, ಅಕ್ಕ ಇಷ್ಟು ಭಾರ ಇರಲಿಲ್ಲ, ತೆಳ್ಳಗಿದ್ದಳು, ಆದರೆ ಅವತ್ತು ಸೊಂಟದವರೆಗೆ ಹಿಮ ಇತ್ತು, ಬೇಡ, ಅದನ್ನು ಲೆಕ್ಕಕ್ಕೆ ತರಬೇಡ. ಕಿವಿಯ ಹತ್ತಿರ ಅವನ ಬಿಸಿ ಉಸಿರು, ಭುಲಾ, ನೀನು ಏನು ತೋರಿಸ್ತಿದೀಯ ಅಂತ ಗೊತ್ತಾಯ್ತು, ನಾನು ನಡೆದೆ, ಇವತ್ತು ಬಿಸಿಲಿದೆ ಕಣೋ ಅಂದ, ಅಷ್ಟೇ, ಇವತ್ತು ಬಿಸಿಲಿದೆ, ಅಲ್ಲೇ ಕೊರಕಲಿಗೆ ಎಸೆದುಬಿಡೋಣ ಅನ್ನಿಸಿತು, ಹಲ್ಲು ಕಚ್ಚಿ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ, ಇಷ್ಟು ಸುಲಭವಾಗಿ ಗೆಲ್ಲಲು ಬಿಡುತ್ತೇನೆಯೇ ಇವನನ್ನು. ನತ್ತು ಅವಳಿಗೆ ಕೊಟ್ಟಿಲ್ಲ ಭುಲಾ, ಯಾರು ಹೇಳಿದ್ರು ನಿಂಗೆ, ಪೆಟ್ಟಿಗೇಲೇ ಇದೆ, ನಿಮ್ಮಮ್ಮನಿಗೆ ಕೊಡೋಣ ಅಂತಿದ್ದೆ, ನೀನು ಬಾಗಿಲಿಗೇ ಬಿಟ್ಕೊಳ್ಳಲಿಲ್ವಲ್ಲ, ಮುಚ್ಚು ಬಾಯಿ, ಮುಚ್ಚು, ಬಟ್ಟೆಯ ಹಿಂದೆ ಕಿರುಚಿದೆ, ಅವನಿಗೆ ಹೇಗೆ ಕೇಳಬೇಕು.

ಕುರುಬರ ಗುಡಿಸಲ ಮುಂದೆ ಜನ ಡೋಲು ಬಾರಿಸುತ್ತ ಕಾಯುತ್ತಿದ್ದರು, ನಮ್ಮನ್ನು ಕಂಡದ್ದೇ ಡೋಲು ನಿಂತಿತು, ಬೆನ್ನಿನಿಂದ ಇಳಿಸಿಕೊಂಡರು, ಕಂಬಳಿಯಲ್ಲಿ ಮಲಗಿಸಿದರು, ಜೀವಕ್ಕೇನಿಲ್ಲ, ಕಾಲು ಉಳಿಯೋದು ಕಷ್ಟ ಅಂದರು, ರಸ್ತೆಗೆ ಓಡ್ರೋ, ಜೀಪು ಹೇಳ್ರೋ. ಕಾಕಾ ಅವನ ಮುಷ್ಟಿ ಬಿಡಿಸಿದ, ತೊಟ್ಟು ಬಿಗಿಹಿಡಿದಿದ್ದ ಹೂವು ಹಾಗೇ ಇತ್ತು, ಎಸಳು ಕೂಡ ನಲುಗಿರಲಿಲ್ಲ, ಯಾರ ಬುಟ್ಟಿಗೆ ಹಾಕ್ಲೋ ಆಲಮಾ ಅಂದಿದ್ದಕ್ಕೆ ಭಾವ ಕಣ್ಣಲ್ಲೇ ನನ್ನ ಬುಟ್ಟಿ ತೋರಿಸಿದ, ಹಾಕಿದರು, ನನ್ನ ಬಾಯಿಯ ಬಟ್ಟೆ ಕಾಕಾನೇ ಬಿಚ್ಚಿದ, ಏನಾಯ್ತೋ ಕಲಮ್ ಸಿಂಗ್, ಕಲ್ಲು ಬರೋದು ಕಾಣ್ಲಿಲ್ವಾ, ಕೂಗಬಾರದಿತ್ತಾ. ಬಾಯಿಗೆ ಬಟ್ಟೆ ಇತ್ತು ಕಾಕಾ ಅಂದೆ. ಎಲ್ಲರೂ ತಲೆದೂಗಿದರು, ನೋಡ್ರೋ ಹುಡುಗ್ರಾ, ಅಂಥ ಹೊತ್ತಲ್ಲೂ ವ್ರತ ಬಿಡ್ಲಿಲ್ಲ, ಮೇಲಾಗಿ ಹೊತ್ಕೊಂಡು ಬಂದಿದಾನೆ, ಭೇಷ್, ಯಾರೋ ನನ್ನ ಬೆನ್ನು ತಟ್ಟಿದರು, ಕಂಬಳಿಯಿಂದ ಭಾವನ ದನಿ, ಹೌದು ಕಾಕಾ, ಬಾಯಿ ಬಿಡ್ಲೇ ಇಲ್ಲ ಅವನು ಅಂದ, ಇನ್ನೇನಾದರೂ ಹೇಳು, ಹೇಳು ಪಾಪಿ, ಇವನು ನೋಡ್ತಾ ನಿಂತಿದ್ದ ಅನ್ನು, ಎಲ್ಲರ ಮುಂದೆ ಅನ್ನು, ಅನ್ನಲಿಲ್ಲ, ಅವನನ್ನು ಎತ್ತಿಕೊಂಡು ಇಳಿಜಾರಿನಲ್ಲಿ ಹೋದರು. ಡೋಲು ಮತ್ತೆ ಶುರುವಾಯಿತು, ನನ್ನ ಕೊರಳಿಗೆ ಯಾರೋ ಹಾರ ಹಾಕಿದರು, ಬುಟ್ಟಿಯಿಂದ ಆ ಘಾಟು ಏಳುತ್ತಿದೆ, ತಲೆ ಸಿಡಿಯುತ್ತಿದೆ, ಮರ್ಯಾದೆಗೆ ಓಡುತ್ತಿದ್ದವನು ಮೊದಲ ಹೂವನ್ನು ನನಗೇಕೆ, ಅಕ್ಕನ ತವರಿಗೆ ಅಂತಲೋ, ಕ್ಷಮಿಸು ಅಂತಲೋ, ಬರೀ ಬುಟ್ಟಿ ನನ್ನದು ಹತ್ತಿರವಿತ್ತು ಅಂತಲೋ, ಕೇಳುವುದಿಲ್ಲ, ಸತ್ತರೂ ಅವನ ಬಾಗಿಲಿಗೆ ಹೋಗಿ ಕೇಳುವುದಿಲ್ಲ, ಆದರೆ ಬಗ್ಗಿದ್ದ, ಬಗ್ಗಿ ಚಾಚಿದ್ದ, ಕಲ್ಲು ತಿರುಗುತ್ತಿತ್ತು, ನನಗೆ ಹೊತ್ತಿತ್ತು, ಆ ಕೈ, ಹೂವು ಹಿಡಿದ ಕೈ, ನನ್ನ ಕಡೆಗೆ, ಆ ಕೈ