ಕಂಡಷ್ಟೇ ಬರೆದ ದೂರು

ಸೋಮವಾರ ಬೆಳಿಗ್ಗೆ ನನ್ನ ರೇಷ್ಮೆ ಹುಳುಗಳು ಹಸಿರು ನೀರು ಕಕ್ಕುತ್ತಾ ತಲೆ ಆಡಿಸತೊಡಗಿದಾಗಲೇ ನನಗೆ ಗೊತ್ತಾಯಿತು, ಇದು ಅಶ್ವತ್ಥಪ್ಪನ ಕೆಲಸ ಎಂದು. ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಕೊನೆಯ ಸಲ ಪೊರೆ ಬಿಟ್ಟು, ಹಾಕಿದಷ್ಟು ಸೊಪ್ಪು ತಿನ್ನುವ ಕಾಲ ಅದು. ಇನ್ನು ನಾಲ್ಕು ದಿನ ತಡೆದಿದ್ದರೆ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕರ್ಧ ಸತ್ತುಹೋದವು.

ಅಶ್ವತ್ಥಪ್ಪ ಪಕ್ಕದ ಹೊಲದವನು. ಇಪ್ಪತ್ತು ವರ್ಷದಿಂದ ಇಬ್ಬರೂ ಒಂದೇ ಟೆಂಪೋದಲ್ಲಿ ಕೋಲಾರದ ಮಾರುಕಟ್ಟೆಗೆ ಟೊಮೇಟೊ ಹಾಕಿದವರು. ಆದರೆ ಹಿಂದಿನ ವಾರ ಅವನು ಬದುವಿನ ಮೇಲೆ ನಿಂತು, "ಈ ಸಲ ನಿನ್ನ ಹುಳ ಭಾರಿ ಬಂದವಂತೆ" ಎಂದು ನಕ್ಕಿದ್ದ. ಹುಳು ಮನೆಯೊಳಕ್ಕೆ ನಾವು ಹೊರಗಿನವರನ್ನು ಬಿಡುವುದಿಲ್ಲ. ಇವನಿಗೆ ಹೇಗೆ ಗೊತ್ತಾಯಿತು? ಯಾರು ಹೇಳಿದರು? ನಗುವಂಥದ್ದೇನಿತ್ತು? ಅಂದಿನಿಂದ ಅವನ ಮೇಲೆ ಒಂದು ಕಣ್ಣಿಟ್ಟಿದ್ದೆ. ಭಾನುವಾರ ನೋಡಿದರೆ, ನನ್ನ ಹಿಪ್ಪುನೇರಳೆ ಸಾಲಿನ ಪಕ್ಕದಲ್ಲೇ ಅವನು ಔಷಧಿ ಕಲಸುವ ಡ್ರಮ್ಮು ತಂದಿಟ್ಟಿದ್ದ.

ಸೋಮವಾರವೇ ಅವನ ಮನೆ ಮುಂದೆ ನಿಂತು ಕೂಗಿದೆ. "ಗಂಡಸಾಗಿದ್ರೆ ನಾಳೆ ಕಾಣಿಪಾಕಕ್ಕೆ ಬಾ. ನಾನು ಮಾಡಿಲ್ಲ ಅಂತ ಗಣಪತಿ ಮುಂದೆ ಪ್ರಮಾಣ ಮಾಡು."

ಆಂಧ್ರದ ಗಡಿಗೆ ಅಂಟಿಕೊಂಡ ನಮ್ಮ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ; ಆ ಗುಡಿಯಲ್ಲಿ ಸುಳ್ಳು ಪ್ರಮಾಣ ಮಾಡಿದವನು ಉದ್ಧಾರವಾಗುವುದಿಲ್ಲ ಎಂದು ನಂಬಿಕೆ. ಒಬ್ಬನನ್ನು ಕಾಣಿಪಾಕಕ್ಕೆ ಕರೆದ ಮೇಲೆ, ಅವನು ಪ್ರಮಾಣ ಮಾಡಲಿ ಬಿಡಲಿ, ಎರಡು ಮನೆಗಳ ನಡುವೆ ನೀರೂ ಓಡಾಡುವುದಿಲ್ಲ.

"ಒಂಬತ್ತಕ್ಕೆ ಬರ್ತೀನಿ. ರೆಡಿ ಇರು" ಅಂದ ಅವನು.

ಪ್ರಮಾಣದ ಜೊತೆಗೆ ಪಂಚಾಯಿತಿಗೊಂದು ದೂರೂ ಇರಲಿ ಎಂದು ಮಂಗಳವಾರ ಬೆಳಿಗ್ಗೆ ಮೇಘನಳನ್ನು ಕೂರಿಸಿಕೊಂಡೆ. ನಮ್ಮಣ್ಣನ ಮಗಳು. ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಓದುತ್ತಾಳೆ, ರಜೆಗೆ ಬಂದಿದ್ದಳು.

"ನಾನು ಹೇಳ್ತೀನಿ, ನೀನು ಬರಿ. ಅಶ್ವತ್ಥಪ್ಪ ಹೊಟ್ಟೆಕಿಚ್ಚಿಗೆ ನನ್ನ ಹುಳ ಸಾಯಿಸಿದ."

ಅವಳು ಪೆನ್ನು ಊರಲಿಲ್ಲ. "ಇದ್ರಲ್ಲಿ ನೀನು ಕಣ್ಣಾರೆ ನೋಡಿದ್ದು ಯಾವುದು ಚಿಕ್ಕಪ್ಪ?"

"ಎಲ್ಲಾನೂ."

"ಹೊಟ್ಟೆಕಿಚ್ಚನ್ನೂ ನೋಡಿದ್ಯಾ?"

"ಲೇ, ದುಡ್ಡು ಕಟ್ಟಿಸ್ಕೊಂಡು ನಿಂಗೆ ಇದನ್ನಾ ಹೇಳ್ಕೊಡೋದು?"

"ಇದನ್ನೇ. ಫಿನಾಮೆನಾಲಜಿ ಅಂತಾರೆ."

"ಔಷಧಿ ಡಬ್ಬಿ ಮೇಲಿನ ಹೆಸರಿದ್ದಂಗದೆ."

ಅವಳು ನಕ್ಕು ಹೇಳಿದಳು. "ಒಂದು ವಸ್ತು ನಮಗೆ ಹೇಗೆ ಕಾಣ್ತದೋ, ಕೇಳ್ತದೋ, ಮೂಗಿಗೆ ಬರ್ತದೋ, ಅದನ್ನ ಹಾಗೇ ಹೇಳೋದು. ಇದು ಇಂಥದ್ದೇ ಅಂತ ಮೊದಲೇ ಮಾಡ್ಕೊಂಡಿರೋ ತೀರ್ಮಾನಾನ ಸ್ವಲ್ಪ ಹೊತ್ತು ಪಕ್ಕಕ್ಕಿಡೋದು. ಅದು ಸುಳ್ಳು ಅನ್ನಲ್ಲ, ನಿಜ ಅಂತಾನೂ ಅನ್ನಲ್ಲ. ಪಕ್ಕಕ್ಕಿಡ್ತೀವಿ, ಅಷ್ಟೇ."

"ಅಂದ್ರೆ ನನ್ನ ಅನುಮಾನ ಸುಳ್ಳು ಅಂತ."

"ಅಲ್ಲ. ಅನುಮಾನಾನೂ ಬರೀಬೇಕು. ಮನಸ್ಸು ಯಾವಾಗ್ಲೂ ಯಾವುದೋ ಒಂದರ ಕಡೆ ತಿರುಗೇ ಇರ್ತದೆ. ನೀನು ಅನುಮಾನದಿಂದ ತಿರುಗಿದ್ದೆ, ಅವರ ನಗು ನಿಂಗೆ ಕುಹಕವಾಗಿ ಕಾಣಿಸ್ತು. ಹಾಗೆ ಕಾಣಿಸಿದ್ದು ನಿಜ. ಅವರ ಹೊಟ್ಟೇಲಿ ಏನಿತ್ತು ಅನ್ನೋದು ಬೇರೆ ಮಾತು."

ನನಗೆ ಇವಳ ಮೇಲೇ ಅನುಮಾನ ಬಂತು. ಅಶ್ವತ್ಥಪ್ಪನ ಮಗಳು ಅನಿತ, ಇವಳು, ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅಲ್ಲಿಂದ ಫೋನು ಬಂದಿರಬೇಕು. ಹುಳು ಚೆನ್ನಾಗಿ ಬಂದಿವೆ ಎಂಬ ಸುದ್ದಿ ಆ ಮನೆಗೆ ಮುಟ್ಟಿಸಿದವಳೂ ಇವಳೇ ಇರಬಹುದು.

"ಸರಿ, ಕೇಳು, ಅದೇನು ಕೇಳ್ತೀಯೋ" ಅಂದೆ, ಹಲ್ಲು ಕಚ್ಚಿ.

"ಅವರು ಔಷಧಿ ಹೊಡೆದದ್ದು ನೋಡಿದ್ಯಾ?"

"ಡ್ರಮ್ಮು ನೋಡಿದೆ."

ಡ್ರಮ್ಮು ಎಂದು ಬರೆದಳು.

"ಹೊಡೆಯೋದು?"

"ಹೊಡೀದೆ ಡ್ರಮ್ಮನ್ನ ಪೂಜೆಗೆ ತಂದಿದ್ನಾ? ವಾಸನೆ ಬಂತು ಕಣೇ!"

"ಎಲ್ಲಿ ನಿಂತಿದ್ದಾಗ? ಬದುವಿನ ಹತ್ರಾನಾ?"

ಬಾಯಿ ತೆಗೆದೆ. ಬದುವಿನ ಹತ್ತಿರ ಅಲ್ಲ. ಕಣ್ಣು ಮುಚ್ಚಿ ಮತ್ತೆ ಸೋಮವಾರದ ನಸುಕಿಗೆ ಹೋದೆ. ಬದುವಿನಲ್ಲಿ ಮೂಗಿಗೆ ಬಂದದ್ದು ಒದ್ದೆ ಮಣ್ಣಿನ ವಾಸನೆ. ಔಷಧಿ ವಾಸನೆ ಬಂದದ್ದು ಹುಳು ಮನೆಯ ಜಗಲಿಯಲ್ಲಿ.

"ಸೊಪ್ಪಿನ ರಾಶಿ ಮೇಲಿನ ಟಾರ್ಪಾಲು ಎತ್ತಿದಾಗ" ಅಂದೆ.

"ಟಾರ್ಪಾಲಾ? ಯಾವಾಗ್ಲೂ ಒದ್ದೆ ಗೋಣಿ ಅಲ್ವಾ ಹೊದಿಸೋದು?"

"ಅವನ ಔಷಧಿ ಗಾಳೀಲಿ ಬಂದು ಸೊಪ್ಪಿನ ಮೇಲೆ ಬೀಳಬಾರದು ಅಂತ ಟಾರ್ಪಾಲು ಮುಚ್ಚಿದ್ದೆ. ಭಾನುವಾರ ಸಾಯಂಕಾಲ."

ಅಡುಗೆ ಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಶಾಮಲಮ್ಮ ನಿಂತಿದ್ದಳು. "ನೀಲಿ ಟಾರ್ಪಾಲಾ?" ಅಂದಳು. "ಶನಿವಾರ ನೀವು ಬೀನ್ಸಿಗೆ ಔಷಧಿ ಕಲಸೋವಾಗ ಕೆಳಗೆ ಹಾಸ್ಕೊಂಡಿದ್ದು ಅದೇ ಅಲ್ವಾ?"

"ನೀನು ಬಾಯಿ ಮುಚ್ಚು!"

ನಾನು ಎದ್ದು ಜಗಲಿಗೆ ಹೋದೆ. ಟಾರ್ಪಾಲಿನ ಒಂದು ಮೂಲೆ ಮೂಗಿಗೆ ಹಿಡಿದೆ. ಎರಡು ಸಲ ಮೂಸಿ ನೋಡಿದೆ, ಅದೇ ವಾಸನೆ. ಅಶ್ವತ್ಥಪ್ಪನೇ ಬಂದು ಇದರ ಮೇಲೆ ಸುರಿದು ಹೋಗಿರಬಹುದಾ ಎಂದೂ ಒಂದು ಗಳಿಗೆ ಯೋಚಿಸಿದೆ. ನಾಚಿಕೆಗೆಟ್ಟ ಯೋಚನೆ, ಆದರೆ ಬಂದದ್ದು ಹೌದು.

ಅಷ್ಟರಲ್ಲಿ ಅವನೇ ಬಂದ. ಸ್ನಾನ ಮಾಡಿ ಬಿಳಿ ಪಂಚೆ ಉಟ್ಟಿದ್ದ. ಕೈಚೀಲದಲ್ಲಿ ತೆಂಗಿನಕಾಯಿ ಇತ್ತು.

"ಏಮಪ್ಪಾ, ಹೊರಡೋಣ್ವಾ?" ಅಂದ. "ನಾನು ಪ್ರಮಾಣ ಮಾಡ್ತೀನಿ. ನಿಂದೂ ಒಂದಿರಲಿ. ಅಶ್ವತ್ಥಪ್ಪ ವಿಷ ಹಾಕಿದ್ದನ್ನ ಕಣ್ಣಾರೆ ಕಂಡೆ ಅಂತ ನೀನೂ ಮಾಡು."

ನನಗೆ ಅವನ ಮುಖ ನೋಡಲಾಗಲಿಲ್ಲ. ಮಾತು ತಿರುಚಲು ಎಷ್ಟೋ ದಾರಿಗಳಿದ್ದವು. ಗಾಳಿಯ ಮೇಲೆ ಹಾಕಬಹುದಿತ್ತು. ಔಷಧಿ ಮಾರಿದ ಅಂಗಡಿಯವನ ಮೇಲೆ ಹಾಕಬಹುದಿತ್ತು.

"ಕಾಣಲಿಲ್ಲ" ಅಂದೆ.

"ಏನು?"

"ನಾನು ಕಾಣಲಿಲ್ಲ ಕಣೋ. ಡ್ರಮ್ಮು ಕಂಡೆ. ವಿಷ ನನ್ನ ಟಾರ್ಪಾಲಲ್ಲಿತ್ತು. ಸೊಪ್ಪಿನ ಮೇಲೆ ಮುಚ್ಚಿದವನು ನಾನೇ."

ಅವನು ಟಾರ್ಪಾಲು ನೋಡಿದ, ನನ್ನನ್ನು ನೋಡಿದ. "ಆ ಡ್ರಮ್ಮಲ್ಲಿ ಬರೀ ನೀರಿತ್ತು" ಅಂದ. "ನಿನ್ನ ಹುಳ ಚಂದ್ರಿಕೆಗೆ ಹೋಗ್ಲಿ, ಆಮೇಲೆ ಹೊಡೆಯೋಣ ಅಂತ ಔಷಧಿ ತಂದಿರಲೇ ಇಲ್ಲ."

ಶಾಮಲಮ್ಮ ಕಾಫಿ ತಂದಳು. ಅವನು ಲೋಟ ಮುಟ್ಟಲಿಲ್ಲ. ತೆಂಗಿನಕಾಯಿಯ ಚೀಲವನ್ನು ಕೈ ಬದಲಿಸಿಕೊಂಡು ಗೇಟು ದಾಟಿದ.

ಮೇಘನ ಹೊರಗೆ ಬಂದಳು. ಕೈಯಲ್ಲಿ ಹಾಳೆ ಇತ್ತು. "ಕೋಪ ಮಾಡ್ಕೊಂಡು ಹೋದ್ರಾ ಚಿಕ್ಕಪ್ಪ?"

"ಅದು ನಂಗೆ ಗೊತ್ತಿಲ್ಲ. ಕಾಫಿ ಕುಡೀಲಿಲ್ಲ. ಅಷ್ಟು ಬರ್ಕೋ."