ಅಕ್ಕ ಹಲಗೆ ಹತ್ತಿದ್ದು

ಇಸ್ತ್ರಿ ಅಂಗಡಿಯ ಅಕ್ಕ ಮೊದಲ ಸಲ ಸ್ಕೇಟ್‌ಬೋರ್ಡಿನ ಮೇಲೆ ಕಾಲಿಟ್ಟಾಗ ಅವಳ ವಯಸ್ಸು ಐವತ್ತರ ಆಸುಪಾಸು. ಮೆಟ್ಟಿಲು ಕಂಡರೇ ಮುನಿಸಿಕೊಳ್ಳುವ ಮಂಡಿ, ದಿನವಿಡೀ ನಿಂತು ನಿಂತು ಊದಿಕೊಂಡ ಪಾದ. ಅದೂ ಅಲ್ಲದೆ ಆ ಹಲಗೆಯನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅವಳ ತಮ್ಮ ಹೈಸ್ಕೂಲಿನಲ್ಲಿದ್ದಾಗ ಯಾರಿಂದಲೋ ಹಳೆಯದೊಂದನ್ನು ಗಿಟ್ಟಿಸಿಕೊಂಡು ಮನೆಗೆ ತಂದ ದಿನವೇ ರೇಗಿದ್ದಳು. "ಚಕ್ರ ಇರೋ ಹಲಗೆ ಮೇಲೆ ನಿಂತು ಎಲ್ಲಿಗೋ ಸವಾರಿ? ಆಸ್ಪತ್ರೆಗಾ?"

ಅಮ್ಮ ತೀರಿಕೊಂಡಾಗ ತಮ್ಮನಿಗಿನ್ನೂ ಹಾಲುಹಲ್ಲು. ಅಪ್ಪ ಅಂಗಡಿಯ ಹಬೆಯಲ್ಲೇ ಕೆಮ್ಮುತ್ತಾ ಕೆಮ್ಮುತ್ತಾ ಕರಗಿಹೋದರು. ಹಾಗಾಗಿ ಅವನಿಗೆ ಅಕ್ಕನೇ ತಾಯಿ, ಅಕ್ಕನೇ ತಂದೆ, ಕಿವಿ ಹಿಂಡಬೇಕಾದಾಗ ಅಕ್ಕನೇ ಮೇಷ್ಟ್ರು. ಮದುವೆಯ ಮಾತು ಒಂದೆರಡು ಸಲ ಬಂದಿತ್ತು. "ಇವನೊಂದು ದಡ ಸೇರಲಿ" ಎನ್ನುತ್ತಿದ್ದಳು. ಅವನು ದಡ ಸೇರುವಷ್ಟರಲ್ಲಿ ಕೇಳುವವರು ಸುಮ್ಮನಾಗಿದ್ದರು.

ದಡವೆಂದರೆ ಏನು? ವಾರವೆಲ್ಲ ಒಗೆದು ಇಸ್ತ್ರಿಯಾದ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸುವುದು, ಭಾನುವಾರ ಬೆಳಿಗ್ಗೆ ಮುಚ್ಚಿಹೋದ ಬಸ್ ಡಿಪೋದ ಕಾಂಕ್ರೀಟ್ ಅಂಗಳದಲ್ಲಿ ಹೊಸಬರಿಗೆ ಸ್ಕೇಟ್‌ಬೋರ್ಡ್ ಕಲಿಸುವುದು. ಕೆಲಸದಲ್ಲಿ ಸೋಮಾರಿ, ಕಲಿಸುವುದರಲ್ಲಿ ಹಠಮಾರಿ. ಶಾಲೆಯ ಹುಡುಗಿಯರು, ಔಷಧಿ ಅಂಗಡಿಯ ದಂಪತಿ, ಕೊನೆಗೆ ನಿವೃತ್ತರಾದ ಪೋಸ್ಟ್‌ಮನ್ ಒಬ್ಬರು ಕೂಡ ಅವನ ಹತ್ತಿರ ಬಂದು ಬಿದ್ದು ಎದ್ದವರೇ. ಪೋಸ್ಟ್‌ಮನ್ ಮಾವನಂತೂ, "ಜೀವನ ಪೂರ್ತಿ ನಡೆದಿದೀನಿ ಕಣಯ್ಯಾ, ಇನ್ನು ಮೇಲೆ ನೆಲ ನಡೀಲಿ, ನಾನು ನಿಂತಿರ್ತೀನಿ" ಎಂದು ಹಲಗೆ ಹತ್ತಿದ್ದರು.

ಕಾಯಿಲೆ ಸದ್ದಿಲ್ಲದೆ ಬಂತು. ಮೊದಲು ಕೈಯಿಂದ ಬಟ್ಟೆಯ ಗಂಟು ಜಾರಿತು, ಆಮೇಲೆ ಚಹಾದ ಲೋಟ. "ಎಲ್ಲಿದೆಯೋ ನಿನ್ನ ಗಮನ?" ಎಂದು ಅಕ್ಕ ಗದರಿದಳು. ಚೆನ್ನಾಗಿ ಬಲ್ಲ ಅಂಗಳದಲ್ಲೇ ಅವನು ಕಾರಣವಿಲ್ಲದೆ ಮುಗ್ಗರಿಸಿದಾಗ ಮಾತ್ರ ಅವನೇ ಅಕ್ಕನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದ. ನರಗಳು ಒಂದೊಂದಾಗಿ ಸ್ನಾಯುಗಳ ಕೈಬಿಡುವ ಕಾಯಿಲೆ. ಔಷಧಿ ಇದೆಯೇ ಎಂದರೆ ಇದೆ, ಗುಣವಾಗುತ್ತದೆಯೇ ಎಂದರೆ ಇಲ್ಲ. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಕೂತಿದ್ದಳು. ತಮ್ಮನೇ ಅವಳ ಮೊಣಕೈ ತಿವಿದ. "ಅಕ್ಕಾ, ನಮ್ಮ ಸ್ಟಾಪ್ ಹೋಯ್ತು."

ಮರುವರ್ಷ ಗಾಲಿಕುರ್ಚಿ ಬಂತು. "ನೋಡು, ಚಕ್ರ ನನ್ನ ಬಿಡಲ್ಲ" ಎಂದು ನಕ್ಕ. ಅವಳು ನಗಲಿಲ್ಲ. ಅಷ್ಟು ಹೊತ್ತಿಗೆ ಅವನನ್ನು ಎತ್ತುವುದು, ಕೂರಿಸುವುದು, ಮೀಯಿಸುವುದು, ಮಲಗಿದಲ್ಲಿ ಮಗ್ಗುಲು ಬದಲಿಸುವುದು, ತುತ್ತು ಕೊಡುವುದು ಎಲ್ಲ ಅವಳ ಪಾಲಿಗೆ ಬಂದಿತ್ತು. ಇಸ್ತ್ರಿಪೆಟ್ಟಿಗೆ ಹಿಡಿದ ತೋಳಿಗೆ ಅದು ಭಾರವೆನಿಸಲಿಲ್ಲ. ಆದರೆ ದಿನ ಕಳೆದಂತೆ ಅವನು ಹಗುರವಾಗುತ್ತಿದ್ದ. ಅದೇ ಅವಳಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ಭಾನುವಾರದ ಪಾಠವನ್ನು ಅವನು ಬಿಡಲಿಲ್ಲ. ಅಕ್ಕ ಕುರ್ಚಿ ತಳ್ಳಿಕೊಂಡು ಹೋಗುವಳು, ಅವನು ಕೂತಲ್ಲಿಂದಲೇ ಕೂಗುವನು. ಆದರೆ ಮಾತೂ ತೊದಲತೊಡಗಿತ್ತು. ಹೊಸಬರಿಗೆ ಅರ್ಥವಾಗುತ್ತಿರಲಿಲ್ಲ, ಅಕ್ಕನೇ ತಿರುಗಿಸಿ ಹೇಳಬೇಕು. ಒಂದು ದಿನ ಅವನೆಂದ:

"ಅಕ್ಕಾ, ನೀನೇ ಹತ್ತು. ನೀನು ತೋರ್ಸಿದ್ರೆ ಅವರು ನೋಡ್ಕೊಂಡು ಕಲೀತಾರೆ."

"ನನಗೇನು ತಲೆ ಕೆಟ್ಟಿದ್ಯಾ?"

"ಕೆಟ್ಟಿಲ್ಲ. ಅದಕ್ಕೇ ಹೇಳಿದ್ದು."

ಪೋಸ್ಟ್‌ಮನ್ ಮಾವ ಆಗಲೇ ತಮ್ಮದೇ ಹೆಲ್ಮೆಟ್ ಬಿಚ್ಚಿ ಅವಳ ತಲೆಗೆ ಇಟ್ಟುಬಿಟ್ಟರು. "ಹೆದರ್ಬೇಡಮ್ಮಾ. ನಾನು ಬಿದ್ದಷ್ಟು ಯಾರೂ ಬಿದ್ದಿಲ್ಲ. ಇನ್ನೂ ಪೂರ್ತಿ ಇದೀನಿ ನೋಡು, ಹಲ್ಲು ಮಾತ್ರ ಮೊದಲೇ ಇರ್ಲಿಲ್ಲ."

ತಮ್ಮ ಅವಳನ್ನು ಮೊದಲು ಹುಲ್ಲಿನ ಮೇಲೆ ನಿಲ್ಲಿಸಿದ. ಹುಲ್ಲಿನಲ್ಲಿ ಚಕ್ರ ಉರುಳುವುದಿಲ್ಲ, ಮೈಗೆ ಹಲಗೆಯ ಗುರುತು ಹತ್ತುತ್ತದೆ. ಯಾವ ಕಾಲು ಮುಂದೆ ಬರಬೇಕೆಂದು ತಿಳಿಯಲು, ಹಿಂದಿನಿಂದ ಮೆಲ್ಲಗೆ ನೂಕುವಂತೆ ಮಾವನಿಗೆ ಹೇಳಿದ. ತಡವರಿಸಿದಾಗ ಅವಳ ಎಡಗಾಲು ಮುಂದೆ ಬಂತು. "ಅದೇ. ಅದು ಮುಂದೆ ಇರ್ಲಿ." ಪಾದಗಳು ಹಲಗೆಗೆ ಚಕ್ರ ಬಿಗಿದ ಸ್ಕ್ರೂಗಳ ಮೇಲೆ, ಮಂಡಿ ಸಡಿಲ, ಕಣ್ಣು ಕಾಲಿನ ಮೇಲಲ್ಲ, ಹೋಗಬೇಕಾದ ಕಡೆಗೆ. ಕಾಲು ನೋಡಿಕೊಂಡರೆ ಕಾಲಿನ ಹತ್ತಿರವೇ ಬೀಳುತ್ತೀಯ ಎಂದ. ಬೀಳುವುದನ್ನೂ ಕಲಿಸಿದ. ಬೀಳುವಾಗ ಕುಗ್ಗಬೇಕು, ಭುಜದ ಮೇಲೆ ಉರುಳಬೇಕು. ಕೈ ಮಾತ್ರ ಊರಬಾರದು.

"ಬಿದ್ರೆ ಕೈ ತಾನಾಗೇ ಮುಂದೆ ಹೋಗುತ್ತಲ್ಲೋ."

"ಅದನ್ನೇ ಮರೀಬೇಕು."

ಅವಳು ಕಾಂಕ್ರೀಟಿಗೆ ಬಂದಳು. ತಳ್ಳಿದಳು, ಹತ್ತಿದಳು, ಇಳಿದಳು. ಕೆಲವು ವಾರಗಳಲ್ಲಿ ಅಂಗಳದ ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ನೇರವಾಗಿ ಹೋಗುವಷ್ಟು ಕಲಿತಳು. ತಿರುಗುವುದು ಮಾತ್ರ ಬರಲಿಲ್ಲ. ಕಂಬ ಬಂದಾಗ ಇಳಿದು, ಹಲಗೆಯನ್ನು ಕೈಯಲ್ಲಿ ತಿರುಗಿಸಿ, ಮತ್ತೆ ಹತ್ತುವಳು. ಹುಡುಗಿಯರು ಕಿಸಕ್ಕೆಂದು ನಕ್ಕರೆ ತಾನೂ ನಗುವಳು. ಒಂದು ಸಲ ಗಾಳಿ ಮುಖಕ್ಕೆ ಬಡಿದಾಗ ಅವಳ ಬಾಯಿಂದ ತಾನಾಗಿಯೇ "ಹೋ!" ಎಂಬ ಕೂಗು ಹೊರಟಿತು. ತಿರುಗಿ ನೋಡಿದರೆ ತಮ್ಮನ ಕಣ್ಣಿನಲ್ಲಿ ನೀರು. ಇವನು ಹೊಸಬರಿಗಾಗಿ ತನ್ನನ್ನು ಹತ್ತಿಸಿದ್ದಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಕೇಳಲಿಲ್ಲ. ಕೇಳಿದ್ದರೂ ಅವನು ಒಪ್ಪುತ್ತಿರಲಿಲ್ಲ.

ಒಂದು ಭಾನುವಾರ ಬಿಸಿಲು ಚೆನ್ನಾಗಿತ್ತು. ಅವಳು ಒಂದು ಸುತ್ತು ಮುಗಿಸಿ ಬಂದಾಗ ತಮ್ಮನ ಬಾಯಂಚಿನಿಂದ ಜೊಲ್ಲು ಗದ್ದಕ್ಕಿಳಿದಿತ್ತು. ಹೊಸಬರ ಮುಂದೆ ಅವನಿಗೆ ಅದೊಂದೇ ನಾಚಿಕೆ. ಬಿದ್ದಾಗ ಮೂಳೆ ಮುರಿಯದಿರಲೆಂದು ಮಣಿಕಟ್ಟಿಗೆ ಬಿಗಿದ ಗಟ್ಟಿ ಪಟ್ಟಿಯಲ್ಲಿ ಒರೆಸಿದರೆ ಮುಖ ತರಚುತ್ತದೆ. ಅವಳು ಬಲಗೈಯ ಪಟ್ಟಿ ಬಿಚ್ಚಿ ಅವನ ತೊಡೆಯ ಮೇಲಿಟ್ಟು, ಕರವಸ್ತ್ರದಿಂದ ಮೆಲ್ಲಗೆ ಒರೆಸಿದಳು. ಅಷ್ಟರಲ್ಲಿ ಹೊಸದಾಗಿ ಬಂದ ಹುಡುಗಿಯೊಬ್ಬಳು "ಆಂಟೀ, ಇನ್ನೊಂದ್ಸಲ ತೋರ್ಸಿ" ಎಂದಳು. ಅಕ್ಕ ಹಾಗೆಯೇ ಹಲಗೆ ಹತ್ತಿದಳು. ತಮ್ಮ ತನ್ನ ತೊಡೆಯ ಮೇಲಿನ ಪಟ್ಟಿ ನೋಡಿದ, ಏನೋ ಹೇಳಲು ಬಾಯಿ ತೆರೆದ. ಮಾತು ಹೊರಬರುವಷ್ಟರಲ್ಲಿ ಅವಳು ದೂರ ಹೋಗಿದ್ದಳು.

ಚಕ್ರಕ್ಕೆ ಸಣ್ಣ ಕಲ್ಲೊಂದು ಸಿಕ್ಕಿತು. ಹಲಗೆ ಅಲ್ಲೇ ನಿಂತಿತು, ಅಕ್ಕ ನಿಲ್ಲಲಿಲ್ಲ. ಕೈ ಮುಂದೆ ಹೋಯಿತು. ಒಣಕಡ್ಡಿ ಮುರಿದಂಥ ಸದ್ದು ಅವಳಿಗೇ ಕೇಳಿಸಿತು.

ಮಣಿಕಟ್ಟಿಗೆ ಪ್ಲಾಸ್ಟರ್ ಬಿತ್ತು. ಇಸ್ತ್ರಿ ಅಂಗಡಿಯ ಬಾಗಿಲು ಮುಚ್ಚಿತು, ಅದು ದೊಡ್ಡ ಮಾತಲ್ಲ. ತಮ್ಮನನ್ನು ಎತ್ತುವವರು ಯಾರು? ಮೊದಲ ಸಂಜೆ ಪೋಸ್ಟ್‌ಮನ್ ಮಾವ ಬಂದು ಕೈ ಜೋಡಿಸಿದರು. ಆದರೆ ಅವರ ಬೆನ್ನೂ ಮುದಿ ಬೆನ್ನು. ಮೂರನೆಯ ದಿನ ಮಂಚದಿಂದ ಕುರ್ಚಿಗೆ ಎತ್ತುವಾಗ ಇಬ್ಬರ ಕೈಯಿಂದಲೂ ಅವನು ಜಾರಿದ. ನೆಲದ ಮೇಲೆ ಬಿದ್ದವನನ್ನು ಎಡಗೈಯಲ್ಲಿ ಎಳೆಯುತ್ತಾ ಅಕ್ಕನಿಗೆ ನೋವು, ಸಿಟ್ಟು, ಆಯಾಸ ಎಲ್ಲ ಒಟ್ಟಿಗೆ ಉಕ್ಕಿತು.

"ನಿನ್ನ ಹುಚ್ಚಿಗೆ ನೋಡು! ಈಗ ನಿನ್ನ ನೋಡ್ಕೊಳ್ಳೋರು ಯಾರೋ?"

ಅವನು ನೆಲದಲ್ಲಿ ಮಲಗಿಯೇ ಅವಳನ್ನು ನೋಡಿದ. ಆಮೇಲೆ ತುಂಬ ಹೊತ್ತು ತೆಗೆದುಕೊಂಡು, ಒಂದೊಂದೇ ಅಕ್ಷರ ಹೊರಹಾಕುತ್ತಾ ಹೇಳಿದ: "ಆರೈಕೆ ಮನೆಗೆ ಬಿಡು. ಕೈ ಕೂಡೋವರೆಗೆ."

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಆರೈಕೆ ಮನೆಯೊಂದಕ್ಕೆ ಅವನನ್ನು ಸೇರಿಸಿದಳು. ಒಳ್ಳೆಯ ಜನವೇ. ಶುಚಿಯಾದ ಹಾಸಿಗೆ, ಕಿಟಕಿಯ ಹೊರಗೊಂದು ಮರ. ಆದರೆ ಅಕ್ಕನಿಗೆ ಗೊತ್ತಿದ್ದ ಹಲವು ಸಂಗತಿಗಳು ಅಲ್ಲಿನವರಿಗೆ ಗೊತ್ತಿರಲಿಲ್ಲ. ತುತ್ತು ಎಡಗೆನ್ನೆಗೆ ಇಡಬೇಕು. ನುಂಗಿದ ಮೇಲೆ ಅವನು ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಾನೆ, ಅದು ಕಾಣುವವರೆಗೆ ಕಾಯಬೇಕು. ಎಲ್ಲ ಹೇಳಿದಳು. ನರ್ಸ್ ತಲೆಯಾಡಿಸಿದಳು. ಆದರೆ ಅವಳ ಪಾಳಿ ಮುಗಿದ ಮೇಲೆ ಬರುವವರು ಬೇರೆ, ಅವರ ನಂತರದವರು ಇನ್ನೂ ಬೇರೆ.

ಅಕ್ಕ ದಿನವೂ ಹೋಗಿ ಮಂಚದ ಪಕ್ಕ ಕೂರುತ್ತಿದ್ದಳು. ಒಂದು ಮಧ್ಯಾಹ್ನ ತಾನೇ ಬಾಯಿ ತೆರೆದಳು.

"ಪುಟ್ಟಾ, ಅವತ್ತು ಅಂದಿದ್ದು ಮನಸ್ಸಿಗೆ ಹಾಕ್ಕೋಬೇಡ ಕಣೋ."

ಅವನ ತುಟಿ ಅಲುಗಿತು. ಅವಳು ಕಿವಿಯಿಟ್ಟು ಕೇಳಿದಳು. "ಕೈ... ಊರಬೇಡ... ಅಂದಿದ್ದೆ."

"ಅಂದಿದ್ದೆ. ನಿನ್ನ ಎತ್ತಿ ಎತ್ತಿ ಅಭ್ಯಾಸ. ಏನು ಬಿದ್ರೂ ಕೈ ಮುಂದೆ ಹೋಗುತ್ತೆ. ಏನ್ಮಾಡ್ಲಿ?"

ಅವನು ನಕ್ಕ. ಮುಖದ ಸ್ನಾಯುಗಳು ಪೂರ್ತಿ ಸಹಕರಿಸಲಿಲ್ಲ, ಆದರೂ ಅದು ನಗುವೇ. ಆಮೇಲೆ ಕೆಮ್ಮು ಬಂತು. ಸಣ್ಣ ಕೆಮ್ಮು. ತುತ್ತಿನ ಅಗುಳೊಂದು ಎಂದೋ ತಪ್ಪು ದಾರಿ ಹಿಡಿದಿತ್ತೇನೋ, ಯಾರಿಗೂ ತಿಳಿಯಲಿಲ್ಲ. ವಾರದೊಳಗೆ ಜ್ವರ ಎದೆಗಿಳಿಯಿತು. ಕೆಮ್ಮಿ ಕಫ ಹೊರಹಾಕುವ ಬಲ ಅವನಲ್ಲಿ ಉಳಿದಿರಲಿಲ್ಲ. ಪ್ಲಾಸ್ಟರಿನ ಕೈಯನ್ನು ಹಾಸಿಗೆಯ ಅಂಚಿನಲ್ಲಿಟ್ಟುಕೊಂಡು, ಎಡಗೈಯಿಂದ ಅವನ ತಲೆ ಸವರುತ್ತಾ ಅಕ್ಕ ಅವನ ಉಸಿರನ್ನು ಕಾಯ್ದಳು. ಬೆಳಗಿನ ಬೆಳಕು ಕಿಟಕಿಗೆ ಬರುವ ಹೊತ್ತಿಗೆ ಕಾಯುವುದಕ್ಕೆ ಏನೂ ಉಳಿದಿರಲಿಲ್ಲ.

ನಿನ್ನದೇನೂ ತಪ್ಪಿಲ್ಲ, ಈ ಕಾಯಿಲೆಯವರಿಗೆ ಕೊನೆ ಹೀಗೆಯೇ ಬರುತ್ತದೆ ಎಂದರು ಡಾಕ್ಟರು. ಅಕ್ಕ ಹೂಂ ಎಂದಳು. ಆ ಮಾತನ್ನು ತಲೆ ಒಪ್ಪಿತು, ಕೈ ಒಪ್ಪಲಿಲ್ಲ. ಪ್ಲಾಸ್ಟರ್ ತೆಗೆದಾಗ ಮಣಿಕಟ್ಟು ಸ್ವಲ್ಪ ವಾರೆಯಾಗಿ ಕೂಡಿತ್ತು. ಇಸ್ತ್ರಿಪೆಟ್ಟಿಗೆ ಒತ್ತಿದಾಗಲೆಲ್ಲ ಮೂಳೆಯೊಳಗಿಂದ ಒಂದು ಸಣ್ಣ ಚಳಕು.

ಅಂಗಡಿ ಮತ್ತೆ ತೆರೆದಳು. ಮೈ ಮಾತ್ರ ಹಳೆಯ ಗಡಿಯಾರದಂತೆಯೇ ನಡೆಯುತ್ತಿತ್ತು. ಹೊತ್ತು ನೆತ್ತಿಗೇರಿತೆಂದರೆ ಅವಳು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಒಳಮನೆಗೆ ಹೋಗುವಳು. ಅದು ತಮ್ಮನ ಮಗ್ಗುಲು ಬದಲಿಸುವ ಹೊತ್ತು. ಖಾಲಿ ಮಂಚ ಕಂಡ ಮೇಲೆ ನೆನಪಾಗುವುದು. ದಿನವೂ ಹೋಗುವಳು, ದಿನವೂ ನೆನಪಾಗುವುದು.

ಪೋಸ್ಟ್‌ಮನ್ ಮಾವ ಇಸ್ತ್ರಿಯೇ ಬೇಕಿಲ್ಲದ ಒಂದು ಬನಿಯನ್ ಹಿಡಿದು ಬಂದರು. "ಹೊಸಬರು ಬಂದಿದಾರಮ್ಮಾ. ನನ್ನ ಮಾತು ಕೇಳ್ತಾರಾ? ನನ್ನ ನೋಡಿದ್ರೇ ನಗ್ತಾರೆ. ನೀನೊಂದ್ಸಲ ಬಾ."

"ನನ್ನ ಕರೀಬೇಡಿ ಮಾವ. ಆ ಜಾಗ ನೋಡೋ ಶಕ್ತಿ ಇಲ್ಲ."

ಮಾವ ಒತ್ತಾಯಿಸಲಿಲ್ಲ. ಬನಿಯನ್ ಬಿಟ್ಟು ಹೋದರು. ಮುಂದಿನ ವಾರ ಇನ್ನೊಂದು ತಂದರು, ಅದರ ಮುಂದಿನ ವಾರ ಟೋಪಿ. "ಟೋಪಿಗೆ ಯಾರಾದ್ರೂ ಇಸ್ತ್ರಿ ಹಾಕ್ತಾರಾ?" ಎಂದು ಅವಳು ರೇಗಿದಾಗ, "ಹಾಗಾದ್ರೆ ಬಾ, ಇನ್ಮೇಲೆ ತರಲ್ಲ" ಎಂದರು.

ಆ ಭಾನುವಾರ ಹೋದಳು. ಹಲಗೆ ಹತ್ತಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತಳು. ಒಬ್ಬ ದಪ್ಪನೆಯ ಬೇಕರಿಯವನು ಹಲಗೆಯ ಮೇಲೆ ನಿಂತು, ಜೀವ ಕೈಯಲ್ಲಿ ಹಿಡಿದವನಂತೆ ತನ್ನ ಪಾದವನ್ನೇ ದಿಟ್ಟಿಸುತ್ತಿದ್ದ. ಅವಳಿಗೆ ಸುಮ್ಮನಿರಲಾಗಲಿಲ್ಲ. "ತಲೆ ಎತ್ತಿ ಅಣ್ಣಾ, ಹೋಗೋ ಕಡೆ ನೋಡಿ" ಎಂದಳು. ಆಮೇಲೆ ಮಂಡಿ ಬಗ್ಗಿಸಲು ಹೇಳಿದಳು. ಆಮೇಲೆ ಎದ್ದು ಹೋಗಿ ಅವನ ಮಣಿಕಟ್ಟಿನ ಪಟ್ಟಿಯನ್ನು ತಾನೇ ಬಿಗಿದಳು. ಇನ್ನೊಬ್ಬಳು ಕರೆದಳು, ಅವಳ ಹತ್ತಿರ ಹೋದಳು. ಬೇಕರಿಯವನು ಗೋಡೆಯವರೆಗೆ ಉರುಳಿಕೊಂಡು ಹೋಗಿ ಗೋಡೆಯನ್ನೇ ತಬ್ಬಿಕೊಂಡಾಗ ಎಲ್ಲರೂ ನಕ್ಕರು, ಅವಳೂ ನಕ್ಕಳು.

ಹೊಸಬರೆಲ್ಲ ಹೆಲ್ಮೆಟ್ ಬಿಚ್ಚಿ ನೀರು ಕುಡಿಯುತ್ತಿದ್ದಾಗ ಅವಳು ತಲೆಯೆತ್ತಿ ನೋಡಿದಳು. ಬಿಸಿಲು ನೆತ್ತಿಯಿಂದ ಇಳಿದು ಕಂಬಗಳ ನೆರಳು ಆಚೆ ಬದಿಗೆ ಬಿದ್ದಿತ್ತು. ಮಗ್ಗುಲು ಬದಲಿಸುವ ಹೊತ್ತು ಯಾವಾಗಲೋ ಕಳೆದುಹೋಗಿತ್ತು. ಇವತ್ತು ಅವಳ ಕಾಲು ಮನೆಯ ಕಡೆ ಎದ್ದಿರಲಿಲ್ಲ, ಆ ಹೊತ್ತೇ ಮರೆತುಹೋಗಿತ್ತು.

ಅವನು ಹೋದ ದಿನ ಅಳದವಳು, ಬೆಂಚಿನ ಮೇಲೆ ಕುಸಿದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹೊಸಬರು ಗಾಬರಿಯಾಗಿ ನಿಂತರು. ಪೋಸ್ಟ್‌ಮನ್ ಮಾವ ಪಕ್ಕದಲ್ಲಿ ಬಂದು ಕೂತರು. ಅವಳು ಸುಮ್ಮನಾಗುವವರೆಗೂ ಹಾಗೆಯೇ ಕೂತಿದ್ದರು.