ರೋಮಿನ ದೀಪದ ಗೀರು

ತೊಂಬತ್ತಾರನೇ ಇಸವಿ, ದೀಪಾವಳಿಯ ಸಂಜೆ, ಮಗ್ರಿಬಿನ ಬಾಂಗ್ ಮುಗಿದ ಹೊತ್ತು. ಚಳಿ ಆಗಷ್ಟೇ ಮುಖ ತೋರಿಸಿತ್ತು. ಗಲ್ಫಿನ ಐನ್ ಖಾಲಿದಿನಲ್ಲಿ ಮೈಸೂರಿನ ವೆಂಕಟರಾಮು ಅವರ ಮನೆಗೆ ನಾನು ಡ್ರೈವರ್. ಸಾಮಾನು ಒಳಗಿಡಲು ಹೋದಾಗ ಅವರ ಹೆಂಡತಿ ಇಂದಿರಮ್ಮ ಒಂದು ಹಳೆಯ ಮಣ್ಣಿನ ದೀಪಕ್ಕೆ ಎಳ್ಳೆಣ್ಣೆ ಹೊಯ್ದು ಬತ್ತಿ ಹಚ್ಚುತ್ತಿದ್ದರು.

ದೀಪ ರೋಮಿನವರ ಕಾಲದ್ದಂತೆ. ನಡುವೆ ತಲೆಯ ಸುತ್ತ ಕಿರಣಗಳಿರುವ ಸೂರ್ಯದೇವರು. ವೆಂಕಟರಾಮು ಅವರ ಜೋರ್ಡಾನಿ ಬಾಸ್ ರಜೆಗೆ ಹೋಗುವಾಗ, ಜೋಪಾನ ಎಂದು ಕೊಟ್ಟದ್ದು. ಹಬ್ಬದ ದಿನ ದೇವರಿರುವ ದೀಪವನ್ನು ಹಚ್ಚದೆ ಇಡಲು ಮನಸ್ಸಾಗಲಿಲ್ಲ, ಸಾರ್‌ಗೆ ಹೇಳಬೇಡಿ ಎಂದರು ಇಂದಿರಮ್ಮ.

ಮರುದಿನ ದೇವರ ಮುಖದ ಮೇಲೆ ಕಪ್ಪು ಗೀರು. ದೀಪ ಒರೆಸಿದವಳು ಮನೆಗೆಲಸದ ಪರ್ಪೆಚುವಾ. ಒಡೆದವಳೂ ಅವಳೇ ಎಂದಾಯಿತು. ತಾನಲ್ಲ ಎಂದು ಆಣೆ ಹಾಕಿದಳು, ಅತ್ತಳು. ಗುರುವಾರದ ವಿಮಾನಕ್ಕೆ ಊರಿಗೆ ಕಳಿಸುತ್ತೇನೆಂದು ವೆಂಕಟರಾಮು ಅವಳ ಪಾಸ್‌ಪೋರ್ಟ್ ತೆಗೆದಿಟ್ಟರು. ಇಂದಿರಮ್ಮ ಬಾಯಿ ಬಿಡಲಿಲ್ಲ.

ನಾನು ಕಲಿತದ್ದು ಮೂರನೇ ಕ್ಲಾಸು. ಆದರೆ ಗಲ್ಫಿಗೆ ಬರುವ ಮೊದಲು ಹನ್ನೊಂದು ವರ್ಷ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿದ್ದೆ. ಹಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕಿದೆಯೇ ಎಂದು ನೋಡಲು ಎಣ್ಣೆಬಟ್ಟೆ ಸವರುತ್ತಿದ್ದೆವು. ಬಿರುಕು ಎಣ್ಣೆ ಕುಡಿದು ಕಪ್ಪಗೆ ಎದ್ದು ಕಾಣುತ್ತದೆ. ಈ ಗೀರೂ ಅದೇ ಜಾತಿಯದು.

ಬುಧವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಂದಿರಮ್ಮನಿಗೆ ಹೇಳಿದೆ: ಮಧ್ಯಾಹ್ನದೊಳಗೆ ನೀವೇ ಸಾರ್‌ಗೆ ಹೇಳಿ, ಇಲ್ಲದಿದ್ದರೆ ನಾನು ಹೇಳುತ್ತೇನೆ. ಅವರು ಸೊಪ್ಪು ಬಿಡಿಸುತ್ತಲೇ ಇದ್ದರು.

ಮಧ್ಯಾಹ್ನ ವೆಂಕಟರಾಮು ಊಟ ಮುಗಿಸುವವರೆಗೆ ಕಾದೆ. ಆಮೇಲೆ ದೀಪ ಯಾರೂ ಒಡೆದದ್ದಲ್ಲ ಎಂದೆ.

"ಮೊಯ್ದಿನ್ ಕುಂಞಿಯವರೇ, ನೀವು ಯಾವಾಗ ಮ್ಯೂಸಿಯಂ ಸೇರಿದ್ರಿ?"

"ಮ್ಯೂಸಿಯಂ ಗೊತ್ತಿಲ್ಲ ಸಾರ್. ಮಣ್ಣು ಗೊತ್ತುಂಟು. ಹೊಸ ಒಡಕಿನ ಬಾಯಿ ಕೆಂಪಗಿರ್ತದೆ. ಇದರೊಳಗೆ ನೆಲದಲ್ಲಿ ಹೂತಿದ್ದ ಕಾಲದ ಧೂಳು ಗಟ್ಟಿಯಾಗಿ ಕೂತಿದೆ, ನೋಡಿ. ಬಿರುಕು ಹಳೆಯದು, ಎಣ್ಣೆ ಬಿದ್ದು ಈಗ ಕಂಡಿತು ಅಷ್ಟೇ."

ಅವರು ಕನ್ನಡಕ ಹಾಕಿ ಬಹಳ ಹೊತ್ತು ನೋಡಿದರು. ಎಣ್ಣೆ ಎಲ್ಲಿಂದ ಬಂತು ಎಂದರು. ನನ್ನ ಕೆಲಸ ಹೋದರೆ ಹೋಗಲಿ ಎಂದುಕೊಂಡು, ದೀಪಾವಳಿಗೆ ಅಮ್ಮ ಹಚ್ಚಿದ್ದರು ಎಂದೆ.

ಇಂದಿರಮ್ಮ ಬಾಗಿಲಿಗೆ ಬಂದರು. "ಹೌದೂರಿ, ನಾನೇ. ನೀವು ಬೈತೀರಂತ ಸುಮ್ಮನಿದ್ದೆ."

ವೆಂಕಟರಾಮು ಪಾಸ್‌ಪೋರ್ಟ್ ತಂದು ಪರ್ಪೆಚುವಾಳ ಕೈಗೆ ಕೊಟ್ಟು, ತಪ್ಪಾಯಿತು, ಇಲ್ಲೇ ಇರು ಎಂದರು. ಅವಳು ಅಳಲಿಲ್ಲ.

"ಬೇಡ ಸಾರ್. ನಾಲ್ಕು ವರ್ಷ ಇದ್ದೆ, ನನ್ನ ಮಾತು ನಂಬಲಿಲ್ಲ. ಖಲಾಸ್. ರಿಲೀಸ್ ಪೇಪರ್ ಕೊಡಿ, ಬೇರೆ ಮನೆ ನೋಡ್ತೇನೆ."

ಇಂದಿರಮ್ಮ ಕೈ ಹಿಡಿದು ಕೇಳಿದರೂ ಅವಳು ಜಗ್ಗಲಿಲ್ಲ. ವೆಂಕಟರಾಮು ಪೇಪರಿಗೆ ಸಹಿ ಹಾಕಿದರು. ಹತ್ತಿರದ ಅಲ್ ಅಜೀಜಿಯಾದ ಒಂದು ಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅವಳ ಟ್ರಂಕನ್ನು ನಾನೇ ಕಾರಿಗೆ ಹಾಕಿದೆ. ಪರ್ಪೆಚುವಾ ಹೋದದ್ದು ಶನಿವಾರ.